ಅಣ್ಣನ ಮಗನಿಗೆ ಮಗಳನ್ನು ಕೊಡಬಹುದಾ? ಸಂಬಂಧದಲ್ಲಿ ಮದುವೆ, ಕಿವುಡುತನ ಮತ್ತು ಜೀನುಗಳ ಲೆಕ್ಕ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಾವು ಹಾಸನ ಜಿಲ್ಲೆಯವರು. ನನ್ನ ಮಗಳಿಗೆ 24 ವರ್ಷ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನನ್ನ ಅಣ್ಣನ ಮಗನಿಗೆ 28. ಇಬ್ಬರಿಗೂ ಒಪ್ಪಿಗೆ ಇದೆ. ಚಿಕ್ಕವರಿದ್ದಾಗಿನಿಂದಲೂ ಮನೆಯಲ್ಲಿ ಇದೇ ಮಾತು. ಆದರೆ ನನಗೊಂದು ಭಯ. ನನ್ನ ಅಕ್ಕನನ್ನು ನಮ್ಮ ಸೋದರಮಾವನಿಗೇ, ಅಂದರೆ ಅಮ್ಮನ ತಮ್ಮನಿಗೇ ಕೊಟ್ಟಿದ್ದರು. ಅವರ ಮೊದಲ ಮಗಳು ಚೆನ್ನಾಗಿದ್ದಾಳೆ. ಎರಡನೆಯ ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರಲಿಲ್ಲ. ಈಗ 22 ವರ್ಷ, ಬುದ್ಧಿ ಚುರುಕು, ಐಟಿಐ ಮಾಡಿದ್ದಾನೆ. ಆಗ ಕೆಲವರು ನಾಗದೋಷ ಅಂದರು. ಗ್ರಹಣದ ದಿನ ಅಕ್ಕ ಹೊರಗೆ ಬಂದಿದ್ದಳು ಅಂತಲೂ ಅಂದರು. ಈಗ ಅಣ್ಣನ ಮನೆಯವರು, "ಗೋತ್ರ ಬೇರೆ, ರಕ್ತದ ಗುಂಪೂ ಬೇರೆ. ಹುಡುಗ ಬಿ ಪಾಸಿಟಿವ್, ಹುಡುಗಿ ಓ ಪಾಸಿಟಿವ್. ನಮ್ಮ ಮನೆತನದಲ್ಲಿ ಎಷ್ಟು ಜನ ಸಂಬಂಧದಲ್ಲೇ ಆಗಿದ್ದಾರೆ, ಏನೂ ಆಗಲ್ಲ" ಅನ್ನುತ್ತಾರೆ. ನನ್ನ ಗಂಡ ಹೊರಗಿನವರು, ಅತ್ತಿಗೆಯೂ ಹೊರಗಿನವರು. ನಮ್ಮವರು ಈ ಮದುವೆ ಬೇಡವೇ ಬೇಡ ಅಂತ ಕೂತಿದ್ದಾರೆ. ಮದುವೆ ಮಾಡಬಹುದಾ? ಯಾವ ಟೆಸ್ಟ್ ಮಾಡಿಸಬೇಕು? ಅಣ್ಣನಿಗೆ ತಿಳಿಸದೆ ಮಗಳಿಗೆ ಮಾತ್ರ ಟೆಸ್ಟ್ ಮಾಡಿಸಿದರೆ ಸಾಕಾ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ನೀವು ಬರೆದಿರುವ ವಿವರ ನೋಡಿ ಖುಷಿಯಾಯಿತು. ಯಾರು ಯಾರಿಗೆ ಏನಾಗಬೇಕು ಅಂತ ಇಷ್ಟು ಸ್ಪಷ್ಟವಾಗಿ ಹೇಳಿದರೆ ನನ್ನ ಅರ್ಧ ಕೆಲಸ ಮುಗಿದಂತೆ.

ನಿಮ್ಮ ಪತ್ರದಲ್ಲಿ ಎರಡು ಭಯಗಳು ಸೇರಿಕೊಂಡಿವೆ. ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ತೊಂದರೆಯಾಗುತ್ತದಾ ಅನ್ನುವುದು ಒಂದು. ಅಕ್ಕನ ಮಗನಿಗೆ ಆದದ್ದು ನನ್ನ ಮೊಮ್ಮಕ್ಕಳಿಗೂ ಆಗುತ್ತದಾ ಅನ್ನುವುದು ಇನ್ನೊಂದು. ಇವೆರಡರ ಲೆಕ್ಕ ಬೇರೆ ಬೇರೆ. ಮೊದಲನೆಯದಕ್ಕೆ ನಾನು ಇಲ್ಲಿಂದಲೇ ಉತ್ತರ ಹೇಳಬಲ್ಲೆ. ಎರಡನೆಯದಕ್ಕೆ ಉತ್ತರ ಇರುವುದು ನಿಮ್ಮ ಅಕ್ಕನ ಮಗನ ರಕ್ತದಲ್ಲಿ. ನಿಮ್ಮ ಮಗಳ ಟೆಸ್ಟಿಗಿಂತ ಮೊದಲು ಅವನ ಟೆಸ್ಟ್ ಆಗಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಮನೆಯಲ್ಲಿ ಓಡಾಡುತ್ತಿರುವ ಮಾತುಗಳನ್ನು ನೋಡೋಣ.

ಗೋತ್ರ ಬೇರೆ ಅನ್ನುವುದು ನಿಜ. ಬೇರೆ ಇರಲೇಬೇಕು. ಗೋತ್ರ ಅಪ್ಪನಿಂದ ಮಗನಿಗೆ, ಅವನಿಂದ ಅವನ ಮಗನಿಗೆ ಹೋಗುತ್ತದೆ. ನಿಮ್ಮ ಮಗಳದ್ದು ನಿಮ್ಮ ಗಂಡನ ಗೋತ್ರ, ಹುಡುಗನದ್ದು ನಿಮ್ಮ ತವರಿನ ಗೋತ್ರ. ಆದರೆ ಇಬ್ಬರಿಗೂ ನಿಮ್ಮ ಅಪ್ಪ, ಅಮ್ಮನೇ ಅಜ್ಜ, ಅಜ್ಜಿ ಅಲ್ವಾ? ಗೋತ್ರ ಹಿಡಿದು ಹೋದರೆ ವಂಶದ ಒಂದೇ ಒಂದು ಗೆರೆ ಕಾಣುತ್ತದೆ. ಜೀನುಗಳು ಎಲ್ಲ ಗೆರೆಗಳಲ್ಲೂ ಬರುತ್ತವೆ. ಹಾಗೆಯೇ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳು ಅಣ್ಣ ತಂಗಿಯರಾದ್ದರಿಂದ ಕೂಡದು, ಸೋದರತ್ತೆ ಸೋದರಮಾವನ ಮಕ್ಕಳಾದರೆ ಆಗಬಹುದು ಅನ್ನುತ್ತೇವಲ್ಲ, ಅದು ನಮ್ಮ ಸಮಾಜದ ಕಟ್ಟಳೆ. ಅದಕ್ಕೆ ಅದರದ್ದೇ ಕಾರಣಗಳಿವೆ. ಆದರೆ ಜೀನುಗಳ ಲೆಕ್ಕದಲ್ಲಿ ಎರಡೂ ಒಂದೇ. ಯಾವ ದಿಕ್ಕಿನಿಂದ ಬಂದ ಮೊದಲ ತಲೆಮಾರಿನ ಕಸಿನ್ ಆದರೂ ಸರಾಸರಿ ಎಂಟರಲ್ಲಿ ಒಂದು ಭಾಗ ಜೀನುಗಳು ಇಬ್ಬರಲ್ಲೂ ಒಂದೇ ಮೂಲದಿಂದ ಬಂದಿರುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳಾದರೆ ನಾಲ್ಕರಲ್ಲಿ ಒಂದು ಭಾಗ. ಅಂದರೆ ನಿಮ್ಮ ಅಕ್ಕನ ಮದುವೆಗಿಂತ ನಿಮ್ಮ ಮಗಳ ಮದುವೆಯಲ್ಲಿ ಹಂಚಿಕೆ ಅರ್ಧದಷ್ಟು.

ರಕ್ತದ ಗುಂಪಿನ ಮಾತು ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ, ಆದರೆ ವಾರಕ್ಕೊಬ್ಬರಾದರೂ ಇದನ್ನೇ ಕೇಳುತ್ತಾರೆ. ಎ, ಬಿ, ಓ ಗುಂಪನ್ನು ತೀರ್ಮಾನಿಸುವ ಜೀನ್ 9ನೇ ಕ್ರೋಮೋಸೋಮಿನಲ್ಲಿ, ಅಂದರೆ ಜೀನುಗಳು ಸಾಲಾಗಿ ಕೂತಿರುವ ಎಳೆಗಳಲ್ಲೊಂದರಲ್ಲಿ, ಒಂದು ಚಿಕ್ಕ ಜಾಗ. ಅದು ಬೇರೆ ಇದ್ದ ಮಾತ್ರಕ್ಕೆ ಉಳಿದ ಸುಮಾರು 20,000 ಜೀನುಗಳ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅಣ್ಣ ತಂಗಿಯರಿಗೇ ಎಷ್ಟೋ ಸಲ ಗುಂಪು ಬೇರೆ ಇರುತ್ತದೆ. ಒಂದೇ ಗುಂಪಿನವರು ಮದುವೆಯಾಗಬಾರದು ಅನ್ನುವುದೂ ಸುಳ್ಳು. ಹೆಂಡತಿ ನೆಗೆಟಿವ್, ಗಂಡ ಪಾಸಿಟಿವ್ ಇದ್ದಾಗ ಮಾತ್ರ ಬಸಿರಿನಲ್ಲಿ ಎಚ್ಚರ ಬೇಕು. ಅದಕ್ಕೂ ಆಂಟಿ-ಡಿ ಇಂಜೆಕ್ಷನ್ ಇದೆ. ನಿಮ್ಮಲ್ಲಿ ಇಬ್ಬರೂ ಪಾಸಿಟಿವ್, ಆ ವಿಷಯ ಬಿಟ್ಟುಬಿಡಿ.

ಗ್ರಹಣಕ್ಕೂ ಕಿವಿಗೂ ಸಂಬಂಧ ಇಲ್ಲ. ನಾಗದೋಷದ ಪೂಜೆ ಮಾಡಿಸಿದ್ದರೆ ಅದು ನಿಮ್ಮ ನಂಬಿಕೆ, ನಾನು ಏನೂ ಹೇಳುವುದಿಲ್ಲ. ಆದರೆ 22 ವರ್ಷದಿಂದ ನಿಮ್ಮ ಅಕ್ಕ 'ಅವತ್ತು ನಾನು ಹೊರಗೆ ಬರಬಾರದಿತ್ತು' ಅಂದುಕೊಂಡು ಬದುಕುತ್ತಿದ್ದರೆ, ಅದು ಅವರ ತಪ್ಪಲ್ಲ ಅಂತ ದಯವಿಟ್ಟು ಹೇಳಿ. ಇಂಥ ಮನೆಗಳಲ್ಲಿ ಹೊಣೆಯೆಲ್ಲ ತಾಯಿಯ ತಲೆ ಮೇಲೆ ಬೀಳುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಇನ್ನು 'ನಮ್ಮ ಮನೆತನದಲ್ಲಿ ಯಾರಿಗೂ ಏನೂ ಆಗಿಲ್ಲ' ಅನ್ನುವ ಮಾತು. ಇದರಲ್ಲಿ ಅರ್ಧ ನಿಜ ಇದೆ. ನಮ್ಮಲ್ಲಿಗೆ ಬಂದವರ ವಂಶವೃಕ್ಷವನ್ನು ನಾವು ಕಾಗದದ ಮೇಲೆ ಬರೆಯುತ್ತೇವೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಒಂದು ಅಡ್ಡಗೆರೆ, ಸಂಬಂಧದಲ್ಲಿ ಮದುವೆಯಾದರೆ ಎರಡು ಗೆರೆ. ನಮ್ಮ ಕಡೆಯ ಕುಟುಂಬಗಳ ಹಾಳೆಯಲ್ಲಿ ಎರಡು ಗೆರೆಗಳಿಗೆ ಬರವಿಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ತಾಯಂದಿರನ್ನು ಕೇಳಿ ನೋಡಿದಾಗ ಹತ್ತಿರ ಹತ್ತಿರ ಮೂರರಲ್ಲಿ ಒಂದು ಮದುವೆ ಸಂಬಂಧದೊಳಗಿನದಾಗಿತ್ತು. ಈಚಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ಅದು ಸುಮಾರು ಕಾಲು ಭಾಗ. ಇಡೀ ದೇಶದಲ್ಲಿ ನೂರಕ್ಕೆ ಸುಮಾರು 11. ಸಂಬಂಧದಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಕಾಯಿಲೆ ಬರುವುದಾಗಿದ್ದರೆ ನಮ್ಮ ರಾಜ್ಯದ ಚಿತ್ರವೇ ಬೇರೆ ಇರುತ್ತಿತ್ತು.

ಇನ್ನರ್ಧವೂ ಇದೆ. ಹಾಳೆ ಬರೆಯುವಾಗ 'ಅಜ್ಜಿಗೆ ಎಷ್ಟು ಮಕ್ಕಳು?' ಅಂತ ಕೇಳಿದರೆ ತಕ್ಷಣ 'ಐದು' ಅನ್ನುತ್ತಾರೆ. 'ಹುಟ್ಟಿದ್ದು ಎಷ್ಟು?' ಅಂತ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎರಡು ಚಿಕ್ಕದರಲ್ಲೇ ಹೋದವು' ಅನ್ನುತ್ತಾರೆ. ಯಾಕೆ ಹೋದವು ಅಂತ ಯಾರಿಗೂ ಗೊತ್ತಿರುವುದಿಲ್ಲ. ಜ್ವರ, ಫಿಟ್ಸ್, ಹಾಲು ಕುಡಿಯಲಿಲ್ಲ, ಅಷ್ಟೇ. ಅವರಲ್ಲಿ ಎಷ್ಟು ಮಕ್ಕಳು ಸೋಂಕಿನಿಂದ ಹೋದವು, ಎಷ್ಟು ಜೀನಿನ ಕಾಯಿಲೆಯಿಂದ ಹೋದವು ಅಂತ ಈಗ ಹೇಳುವುದು ಕಷ್ಟ. ಉಳಿದವರನ್ನು ಮಾತ್ರ ಎಣಿಸಿದರೆ ಎಲ್ಲ ಮನೆತನವೂ ಗಟ್ಟಿಮುಟ್ಟಾಗಿಯೇ ಕಾಣುತ್ತದೆ.

ಹಾಗಾದರೆ ಸಂಬಂಧದಲ್ಲಿ ಆಗುವುದೇನು? ನಮಗೆಲ್ಲ ಪ್ರತಿ ಜೀನಿನ ಎರಡು ಪ್ರತಿಗಳಿರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ತೋಟಕ್ಕೆ ಎರಡು ಪಂಪು ಇದ್ದಂತೆ ಅಂದುಕೊಳ್ಳಿ. ಒಂದು ಕೆಟ್ಟರೂ ಇನ್ನೊಂದು ನೀರೆತ್ತುತ್ತದೆ, ಕೆಟ್ಟಿದೆ ಅಂತ ಗೊತ್ತೂ ಆಗುವುದಿಲ್ಲ. ನೀವು, ನಾನು, ಬೇಡ ಅನ್ನುತ್ತಿರುವ ನಿಮ್ಮ ಗಂಡ, ಎಲ್ಲರೂ ಹೀಗೆ ಒಂದು ಪ್ರತಿ ಕೆಟ್ಟ ಕೆಲವು ಜೀನುಗಳನ್ನು ಇಟ್ಟುಕೊಂಡೇ ಆರಾಮಾಗಿ ಓಡಾಡುತ್ತಿದ್ದೇವೆ. ಇವರನ್ನು ಕ್ಯಾರಿಯರ್ ಅಥವಾ ವಾಹಕರು ಅನ್ನುತ್ತೇವೆ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಜೀನಿನ ಒಂದು ಪ್ರತಿ ಕೆಟ್ಟಿದ್ದು, ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದಾಗ ಮಾತ್ರ ಕಾಯಿಲೆ ಹೊರಗೆ ಬರುತ್ತದೆ. ಇದಕ್ಕೆ ರಿಸೆಸಿವ್ ಅನ್ನುತ್ತಾರೆ. ಹೊರಗಿನವರನ್ನು ಮದುವೆಯಾದರೆ ನಿಮ್ಮಲ್ಲಿ ಕೆಟ್ಟಿರುವ ಜೀನೇ ಅವರಲ್ಲೂ ಕೆಟ್ಟಿರುವ ಸಂಭವ ಕಡಿಮೆ. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಾದರೆ ಜಾಸ್ತಿ. ಸಂಬಂಧ ಹೊಸ ಕಾಯಿಲೆಯನ್ನು ಹುಟ್ಟಿಸುವುದಿಲ್ಲ. ಮೊದಲೇ ಇದ್ದದ್ದು ಎದುರು ಬದುರಾಗುವ ಅವಕಾಶ ಹೆಚ್ಚಿಸುತ್ತದೆ, ಅಷ್ಟೇ.

ಇದು ಹೊಸ ತಿಳಿವಳಿಕೆಯೇನಲ್ಲ. ಮೂತ್ರ ಗಾಳಿಗೆ ಕಪ್ಪಾಗುವ ಆಲ್ಕಾಪ್ಟೋನೂರಿಯಾ ಎಂಬ ಅಪರೂಪದ ತೊಂದರೆಯನ್ನು ನೋಡುತ್ತಿದ್ದ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರೋಡ್, ಇಂಥ ಮಕ್ಕಳ ಅಪ್ಪ ಅಮ್ಮ ಎಷ್ಟೋ ಸಲ ಕಸಿನ್‌ಗಳಾಗಿರುತ್ತಾರೆ ಅಂತ 1902ರಲ್ಲೇ ಬರೆದಿದ್ದರು. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ನಿಯಮ ಮನುಷ್ಯರಿಗೂ ಅನ್ವಯಿಸುತ್ತದೆ ಅಂತ ಮೊದಲು ಕಂಡದ್ದೇ ಹೀಗೆ.

ಅಂಕಿಯಲ್ಲಿ ಹೇಳುವುದಾದರೆ, ಯಾವ ದಂಪತಿಗಾದರೂ ಹುಟ್ಟುವ ಮಗುವಿಗೆ ಗಂಭೀರ ಜನ್ಮಜಾತ ತೊಂದರೆ ಇರುವ ಸಂಭವ ನೂರಕ್ಕೆ ಸುಮಾರು 3. ಮೊದಲ ಕಸಿನ್‌ಗಳಾದರೆ ಅದರ ಮೇಲೆ ಇನ್ನೂ ಸುಮಾರು 2ರಿಂದ 3 ಸೇರುತ್ತದೆ. ಎರಡರಷ್ಟಾಗುತ್ತದೆ ಅಂತ ಹೇಳಿ ಹೆದರಿಸಬಹುದು. ನೂರರಲ್ಲಿ 94 ಮಕ್ಕಳಿಗೆ ಅಂಥದ್ದೇನೂ ಇರುವುದಿಲ್ಲ ಅಂತ ಹೇಳಿ ಸಮಾಧಾನವನ್ನೂ ಮಾಡಬಹುದು. ಎರಡೂ ಒಂದೇ ಮಾತು. ನಿಮ್ಮ ಗಂಡ ಮೊದಲನೆಯದನ್ನು ಹಿಡಿದುಕೊಂಡಿದ್ದಾರೆ, ನಿಮ್ಮ ಅಣ್ಣ ಎರಡನೆಯದನ್ನು. ತಲೆತಲಾಂತರದಿಂದ ಸಂಬಂಧದಲ್ಲೇ ಮದುವೆಗಳಾಗಿದ್ದರೆ ಇದು ಸ್ವಲ್ಪ ಏರುತ್ತದೆ. ನಿಮ್ಮಲ್ಲಿ ನಿಮ್ಮ ಗಂಡ ಮತ್ತು ಅತ್ತಿಗೆ ಇಬ್ಬರೂ ಹೊರಗಿನವರಾಗಿರುವುದು ಒಳ್ಳೆಯದೇ ಆಯಿತು.

ಒಂದು ಮಾತು ಸೇರಿಸಬೇಕು. ಎಲ್ಲ ವಂಶಪಾರಂಪರ್ಯ ಕಾಯಿಲೆಗೂ ಸಂಬಂಧವೇ ಕಾರಣ ಅಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ಕೇಳಿರುತ್ತೀರಿ. 1970ರ ದಶಕದಲ್ಲಿ ಬೆಳಕಿಗೆ ಬಂತು, ಸೊಂಟದ ಕೀಲು ಸವೆದು ಜನ ನಡೆಯಲಾಗದೆ ಕೂತರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೆ ಅಂತ ಆಗ ಮಾತಾಡಿಕೊಂಡರು. ಆಮೇಲೆ ನೋಡಿದರೆ ಅದು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಒಂದೇ ಪ್ರತಿ ಬಂದರೂ ಕಾಣಿಸಿಕೊಳ್ಳುವ ಬಗೆಯದು. ಅಂಥದ್ದಕ್ಕೆ ಹೊರಗಿನಿಂದ ಹೆಣ್ಣು ತಂದರೂ ತಡೆ ಇಲ್ಲ. ಡೌನ್ ಸಿಂಡ್ರೋಮ್ ಕೂಡ ಅಷ್ಟೇ, ಅದಕ್ಕೂ ಸಂಬಂಧಕ್ಕೂ ನಂಟಿಲ್ಲ, ತಾಯಿಯ ವಯಸ್ಸಿನದ್ದೇ ದೊಡ್ಡ ಪಾತ್ರ.

ಈಗ ನಿಮ್ಮ ಅಕ್ಕನ ಮಗನ ವಿಷಯ. ಅಸಲು ಪ್ರಶ್ನೆ ಇದೇ.

ಹುಟ್ಟು ಕಿವುಡು ಅಂದ ಕೂಡಲೇ ಜೀನ್ ಅಂತ ಹೇಳಿಬಿಡಬಾರದು. ಬಸಿರಿನಲ್ಲಿ ರುಬೆಲ್ಲಾ ಬಂದಿದ್ದರೆ, ಮಗು ತಿಂಗಳು ತುಂಬದೆ ಹುಟ್ಟಿ ಐಸಿಯುನಲ್ಲಿ ಇದ್ದಿದ್ದರೆ, ಕಾಮಾಲೆ ತೀರಾ ಏರಿದ್ದರೆ, ಮೆದುಳು ಜ್ವರ ಬಂದಿದ್ದರೆ ಕೂಡ ಹೀಗಾಗುತ್ತದೆ. ಹೆರಿಗೆ ಆಸ್ಪತ್ರೆಯ ಹಳೆಯ ಚೀಟಿ, ಬೆರಾ ಟೆಸ್ಟಿನ (ಶಬ್ದಕ್ಕೆ ಶ್ರವಣ ನರ, ಮೆದುಳು ಸ್ಪಂದಿಸುತ್ತವಾ ಅಂತ ನೋಡುವ ಪರೀಕ್ಷೆ) ವರದಿ ಇದ್ದರೆ ಹುಡುಕಿಸಿ. ಇವು ಯಾವುದೂ ಆಗಿಲ್ಲ, ತಾಯಿ ತಂದೆ ಇಬ್ಬರಿಗೂ ಕಿವಿ ಚೆನ್ನಾಗಿದೆ, ಇಬ್ಬರೂ ಹತ್ತಿರದ ಸಂಬಂಧ, ಹುಡುಗನಿಗೆ ಕಿವಿ ಬಿಟ್ಟು ಬೇರೆ ತೊಂದರೆ ಇಲ್ಲ ಅಂದರೆ ರಿಸೆಸಿವ್ ಜೀನಿನ ಅನುಮಾನವೇ ಗಟ್ಟಿಯಾಗುತ್ತದೆ.

ಕಿವುಡುತನ ತರಬಲ್ಲ ಜೀನುಗಳು ನೂರಕ್ಕೂ ಹೆಚ್ಚಿವೆ. ಅದರಲ್ಲಿ ಮೊದಲು ನೋಡಬೇಕಾದ್ದು 13ನೇ ಕ್ರೋಮೋಸೋಮಿನಲ್ಲಿರುವ ಜಿಜೆಬಿ2. ಇದು ಕನೆಕ್ಸಿನ್ 26 ಎಂಬ ಪ್ರೋಟೀನನ್ನು ಮಾಡುತ್ತದೆ. ಕಿವಿಯ ಒಳಗಿನ ಬಸವನಹುಳುವಿನಾಕಾರದ ಕಾಕ್ಲಿಯಾದಲ್ಲಿ ಪಕ್ಕಪಕ್ಕದ ಜೀವಕೋಶಗಳ ನಡುವೆ ಸಣ್ಣ ಕಿಂಡಿಗಳಿರುತ್ತವೆ. ಆ ಕಿಂಡಿಗಳನ್ನು ಕಟ್ಟುವುದು ಈ ಪ್ರೋಟೀನು. ಶಬ್ದ ಬಡಿದಾಗ ಅದನ್ನು ಗ್ರಹಿಸುವ ಕೂದಲು ಕೋಶಗಳಿಗೆ ನುಗ್ಗುವ ಪೊಟ್ಯಾಸಿಯಂ ಈ ಕಿಂಡಿಗಳ ಮೂಲಕ ಹಿಂದಕ್ಕೆ ಸಾಗಬೇಕು. ಸಾಗದಿದ್ದರೆ ಕಿವಿ ಕೆಲಸ ಮಾಡುವುದಿಲ್ಲ. ಜೀನ್ ದೇಹದ ಎಲ್ಲ ಕೋಶಗಳಲ್ಲೂ ಇದೆ. ಆದರೆ ಎಲ್ಲ ಕಡೆ ಅದು ಓದಲ್ಪಡುವುದಿಲ್ಲ, ಓದಿದ ಕಡೆಯಲ್ಲೂ ಎಷ್ಟೋ ಜಾಗಗಳಲ್ಲಿ ಅದರ ಅಣ್ಣ ತಮ್ಮಂದಿರಂಥ ಬೇರೆ ಕನೆಕ್ಸಿನ್‌ಗಳು ಕೆಲಸ ಸರಿದೂಗಿಸುತ್ತವೆ. ಅದಕ್ಕೇ ನಿಮ್ಮ ಅಕ್ಕನ ಮಗನಂಥವರ ಕಣ್ಣು, ಬುದ್ಧಿ, ಕೈಕಾಲು ಎಲ್ಲ ಚೆನ್ನಾಗಿರುತ್ತದೆ, ಕಿವಿ ಮಾತ್ರ ಇಲ್ಲ.

ನಮ್ಮ ದೇಶದಲ್ಲಿ ಈ ಜೀನಿನಲ್ಲಿ ಹೆಚ್ಚಾಗಿ ಸಿಗುವ ದೋಷದ ಹೆಸರು ಡಬ್ಲ್ಯು24ಎಕ್ಸ್. ಡಿಎನ್ಎಯ ಒಂದೇ ಅಕ್ಷರ, ಜಿ ಇರಬೇಕಾದ ಕಡೆ ಎ ಬಂದಿದೆ. ಕನೆಕ್ಸಿನ್ 26ರಲ್ಲಿ 226 ಅಮೈನೋ ಆಮ್ಲಗಳ ಸರಪಳಿ ಇರಬೇಕು. ಈ ಒಂದು ಅಕ್ಷರದಿಂದ 24ನೆಯ ಜಾಗದಲ್ಲಿ 'ಇಲ್ಲಿಗೆ ನಿಲ್ಲಿಸು' ಎಂಬ ಸೂಚನೆ ಬಂದುಬಿಡುತ್ತದೆ. ಪ್ರೋಟೀನು ಶುರುವಿನಲ್ಲೇ ನಿಂತುಹೋಗುತ್ತದೆ. ಒಂದು ಪ್ರತಿಯಲ್ಲಿ ಹೀಗಾದರೆ ಇನ್ನೊಂದು ಪ್ರತಿ ಮಾಡುವ ಪ್ರೋಟೀನೇ ಸಾಕು, ಕಿವಿ ಪೂರ್ತಿ ಚೆನ್ನಾಗಿ ಕೇಳುತ್ತದೆ. ಎರಡರಲ್ಲೂ ಆದರೆ ಸಾಮಾನ್ಯವಾಗಿ ತೀವ್ರ ಕಿವುಡು.

ನಿಮ್ಮ ಅಕ್ಕನ ಮಗನಲ್ಲಿ ಇಂಥದ್ದೇ ರಿಸೆಸಿವ್ ದೋಷ ಸಿಕ್ಕಿತು ಅಂದುಕೊಳ್ಳೋಣ. ಲೆಕ್ಕ ಹೀಗೆ ಬರುತ್ತದೆ. ಅವನ ತಾಯಿ ನಿಮ್ಮ ಅಕ್ಕ, ತಂದೆ ನಿಮ್ಮ ಅಮ್ಮನ ತಮ್ಮ. ಇಬ್ಬರಲ್ಲೂ ಅದು ಇದೆ ಅಂದರೆ ನಿಮ್ಮ ಅಕ್ಕನಿಗೆ ಅದು ಬಹುಪಾಲು ನಿಮ್ಮ ಅಮ್ಮನಿಂದಲೇ ಬಂದಿರಬೇಕು. ಅಮ್ಮ ಕ್ಯಾರಿಯರ್ ಆಗಿದ್ದರೆ ನಿಮಗೆ ಅದು ಬಂದಿರುವ ಸಂಭವ ಎರಡರಲ್ಲಿ ಒಂದು. ನಿಮ್ಮ ಅಣ್ಣನಿಗೂ ಎರಡರಲ್ಲಿ ಒಂದು. ಅಲ್ಲಿಂದ ನಿಮ್ಮ ಮಗಳಿಗೆ ನಾಲ್ಕರಲ್ಲಿ ಒಂದು, ಅಣ್ಣನ ಮಗನಿಗೆ ನಾಲ್ಕರಲ್ಲಿ ಒಂದು. ಇಬ್ಬರಲ್ಲೂ ಇರುವ ಸಂಭವ ಹದಿನಾರರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಬರುವುದು ನಾಲ್ಕರಲ್ಲಿ ಒಂದು. ಎಲ್ಲ ಗುಣಿಸಿದರೆ ಅರವತ್ತನಾಲ್ಕರಲ್ಲಿ ಒಂದು, ನೂರಕ್ಕೆ ಒಂದೂವರೆ ಚಿಲ್ಲರೆ.

ನಿಮ್ಮ ಮಗಳು ಹೊರಗಿನ ಹುಡುಗನನ್ನು ಮದುವೆಯಾದರೆ? ಊರಿನಲ್ಲಿ ನೂರಕ್ಕೆ ಇಬ್ಬರು ಕ್ಯಾರಿಯರ್ ಇದ್ದಾರೆ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಂಡರೆ ಎಂಟುನೂರರಲ್ಲಿ ಒಂದು. ಕಡಿಮೆಯಾಯಿತು, ಸೊನ್ನೆ ಆಗಲಿಲ್ಲ.

ಈ ಅರವತ್ತನಾಲ್ಕರಲ್ಲಿ ಒಂದು ಅನ್ನುವುದು ಟೆಸ್ಟ್ ಇಲ್ಲದೆ ಮಾಡಿದ ಅಂದಾಜು. ಟೆಸ್ಟ್ ಆದ ಮೇಲೆ ಅದು ಉಳಿಯುವುದಿಲ್ಲ. ನಿಮ್ಮ ಮಗಳಲ್ಲಿ ಆ ದೋಷ ಇಲ್ಲ ಅಂತ ಬಂದರೆ ಈ ಕಾರಣದ ಅಪಾಯ ಹೆಚ್ಚುಕಡಿಮೆ ಮುಗಿಯಿತು, ಹುಡುಗನಲ್ಲಿ ಇದ್ದರೂ ಸರಿ. ಅವಳಲ್ಲಿ ಇದೆ ಅಂತ ಬಂದರೆ ಆಗ ಹುಡುಗನನ್ನು ನೋಡಬೇಕು. ಅವನಲ್ಲಿ ಇಲ್ಲದಿದ್ದರೂ ಮುಗಿಯಿತು. ಇಬ್ಬರಲ್ಲೂ ಇದ್ದರೆ ಮಾತ್ರ ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದು, ಅಂದರೆ ನೂರಕ್ಕೆ 25. ಹದಿನಾರರಲ್ಲಿ ಹದಿನೈದು ಪಾಲು ಸಂಭವ ನಿಮಗೆ ಸಮಾಧಾನದ ಉತ್ತರವೇ ಸಿಗಬಹುದು.

ಇದೆಲ್ಲ ಸಾಧ್ಯವಾಗುವುದು ಏನು ಹುಡುಕುತ್ತಿದ್ದೇವೆ ಅಂತ ಗೊತ್ತಿದ್ದರೆ. ಅದಕ್ಕೇ ಅಕ್ಕನ ಮಗ ಮೊದಲು ಅಂದದ್ದು. ಅವನ ಎರಡು ಮೂರು ಎಂಎಲ್ ರಕ್ತ ಸಾಕು. ಮೊದಲು ಜಿಜೆಬಿ2 ಒಂದನ್ನೇ ಓದಿಸಬಹುದು, ಕೆಲವು ಸಾವಿರ ರೂಪಾಯಿಯ ಕೆಲಸ. ಅದರಲ್ಲಿ ಸಿಗದಿದ್ದರೆ ಎಕ್ಸೋಮ್ ಸೀಕ್ವೆನ್ಸಿಂಗ್, ಪ್ರೋಟೀನ್ ಮಾಡುವ ಎಲ್ಲ ಜೀನುಗಳನ್ನೂ ಒಟ್ಟಿಗೆ ಓದುವುದು. ಅದಕ್ಕೆ ಹತ್ತಾರು ಸಾವಿರ, ವರದಿಗೆ ಕೆಲವು ವಾರ. ಅಕ್ಕನ ಮಗನಲ್ಲಿ ನಿರ್ದಿಷ್ಟ ದೋಷ ಸಿಕ್ಕ ಮೇಲೆ ನಿಮ್ಮ ಮಗಳಲ್ಲಿ ಅದೊಂದನ್ನೇ ನೋಡುವುದು ಸುಲಭ, ಅಗ್ಗ, ಉತ್ತರವೂ ಇದೆ ಅಥವಾ ಇಲ್ಲ ಅಂತ ನೇರವಾಗಿ ಬರುತ್ತದೆ. ಅವನನ್ನು ಬಿಟ್ಟು ನಿಮ್ಮ ಮಗಳ ರಕ್ತ ಮಾತ್ರ ಕಳಿಸಿದರೆ ಕತ್ತಲಲ್ಲಿ ತಡಕಾಡಿದಂತೆ. 'ಅರ್ಥ ಸ್ಪಷ್ಟವಿಲ್ಲದ ಬದಲಾವಣೆ' ಅಂತ ಎರಡು ಮೂರು ಸಾಲು ಬಂದು, ನೀವು ಇನ್ನಷ್ಟು ನಿದ್ದೆಗೆಡುತ್ತೀರಿ. ಅಂಥ ಸಾಲುಗಳನ್ನು ನೋಡಿ ಮದುವೆ ಮುರಿಯಬೇಡಿ. ಎಲ್ಲರ ವರದಿಯಲ್ಲೂ ಅವು ಇರುತ್ತವೆ.

ಅಕ್ಕನ ಮಗನ ಟೆಸ್ಟ್ ಮೊದಲು ಅನ್ನಲು ಇನ್ನೊಂದು ಕಾರಣ ಇದೆ. ನಾವು ರಿಸೆಸಿವ್ ಅಂತ ಊಹಿಸಿದ್ದೇವೆ. ಆದರೆ ಕೆಲವು ಕಿವುಡುತನ ಮೈಟೋಕಾಂಡ್ರಿಯಾದಿಂದ ಬರುತ್ತದೆ. ಜೀವಕೋಶದ ಈ ಭಾಗಕ್ಕೆ ತನ್ನದೇ ಸಣ್ಣ ಡಿಎನ್ಎ ಇದೆ, ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಅದರಲ್ಲಿ ಒಂದು ಬದಲಾವಣೆ ಇದ್ದವರಿಗೆ ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೋಮೈಸಿನ್ ಥರದ ಇಂಜೆಕ್ಷನ್ ಕೊಟ್ಟರೆ ಕಿವಿ ಹೋಗಿಬಿಡಬಹುದು. ಹುಟ್ಟಿದ ಹೊಸತರಲ್ಲಿ ಸೋಂಕಿಗೆ ಅಂತ ಆ ಮಗುವಿಗೆ ಇಂಜೆಕ್ಷನ್ ಕೊಟ್ಟಿದ್ದರಾ ಕೇಳಿ. ಒಂದು ವೇಳೆ ಕಾರಣ ಇದೇ ಆಗಿದ್ದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ನಿಮ್ಮ ಅಮ್ಮನಿಂದ ಅಕ್ಕನಿಗೆ, ನಿಮಗೆ, ನಿಮ್ಮಿಂದ ನಿಮ್ಮ ಮಗಳಿಗೆ ಬಂದಿರುತ್ತದೆ. ಅವಳು ಅಣ್ಣನ ಮಗನನ್ನೇ ಮದುವೆಯಾಗಲಿ, ಅಮೆರಿಕದವನನ್ನೇ ಆಗಲಿ, ಮಕ್ಕಳಿಗೆ ಹೋಗುತ್ತದೆ. ಆಗ ಬೇಕಾಗುವುದು ಬೇರೆ ಗಂಡಲ್ಲ, ಆ ಇಂಜೆಕ್ಷನ್‌ಗಳನ್ನು ಕೊಡಬೇಡಿ ಅಂತ ಬರೆದ ಒಂದು ಚೀಟಿ. ಇದು ಅಪರೂಪ. ಆದರೆ ಹುಡುಕದೆ ಬಿಡುವಂಥದ್ದಲ್ಲ.

ಟೆಸ್ಟಿನಲ್ಲಿ ಏನೂ ಸಿಗದೇ ಇರಬಹುದು. ಎಲ್ಲ ಮಾಡಿಸಿಯೂ ಕೆಲವರಲ್ಲಿ ಕಾರಣ ತಿಳಿಯುವುದಿಲ್ಲ. ಹಾಗಾದರೆ ಮೇಲಿನ ಅಂದಾಜನ್ನೇ ಇಟ್ಟುಕೊಂಡು ತೀರ್ಮಾನ ಮಾಡಬೇಕಾಗುತ್ತದೆ. ಹುಟ್ಟಿದ ಮಗುವಿನ ಕಿವಿಯನ್ನು ಬೇಗ ಪರೀಕ್ಷಿಸಬೇಕಾಗುತ್ತದೆ.

ಅಕ್ಕನ ಮಗನ ವಿಷಯ ಏನೇ ಇರಲಿ, ಮದುವೆ ಮುಂದುವರಿದರೆ ನಿಮ್ಮ ಮಗಳಿಗೂ ಹುಡುಗನಿಗೂ ಒಂದು ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಎಚ್‌ಬಿಎ2 ಟೆಸ್ಟ್ ಮಾಡಿಸಿ. ಎರಡನೆಯದು ರಕ್ತದಲ್ಲಿರುವ ಒಂದು ಬಗೆಯ ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡುವುದು. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ರಿಸೆಸಿವ್ ಕಾಯಿಲೆ ಥಲಸ್ಸೀಮಿಯಾದ ಕ್ಯಾರಿಯರ್ ಹೌದೋ ಅಲ್ಲವೋ ಅದರಲ್ಲಿ ತಿಳಿಯುತ್ತದೆ. ಎಚ್‌ಬಿಎ2 ನೂರಕ್ಕೆ 3.5ಕ್ಕಿಂತ ಜಾಸ್ತಿ ಬಂದರೆ ನಮ್ಮಂಥ ಜೆನೆಟಿಕ್ಸ್ ವೈದ್ಯರ ಹತ್ತಿರ ತೋರಿಸಿ. ಕಬ್ಬಿಣದ ಕೊರತೆ ಇದ್ದರೆ ಅದು ಕಡಿಮೆ ತೋರಿಸಬಹುದು, ಅದನ್ನೂ ನೋಡಿಸಿ. ಈಗ ದಂಪತಿಗಳಿಬ್ಬರ ಎಕ್ಸೋಮ್ ಓದಿ ಇಬ್ಬರಲ್ಲೂ ಒಂದೇ ಜೀನ್ ಕೆಟ್ಟಿದೆಯಾ ಅಂತ ನೋಡುವ ಕ್ಯಾರಿಯರ್ ಸ್ಕ್ರೀನಿಂಗ್ ಕೂಡ ಇದೆ. ಸಂಬಂಧದಲ್ಲಿ ಮದುವೆಯಾಗುವವರಿಗೆ ದುಡ್ಡು ಹೊಂದಿದರೆ ನಾನು ಅದನ್ನು ಮಾಡಿಸಿ ಅನ್ನುತ್ತೇನೆ. ಎಲ್ಲವೂ ಸಿಗುತ್ತದೆ ಅಂತ ಮಾತ್ರ ನಂಬಬೇಡಿ.

ನಿಮ್ಮ ಗಂಡನಿಗೆ ಒಂದು ಮಾತು. ಹೊರಗೆ ಕೊಟ್ಟರೆ ಅಪಾಯವೇ ಇಲ್ಲ ಅನ್ನುವ ಹಾಗಿಲ್ಲ. ನಮ್ಮಲ್ಲಿ 'ಹೊರಗೆ' ಅಂದರೂ ಅದೇ ಜಾತಿ, ಅದೇ ಒಳಪಂಗಡ, ಪಕ್ಕದ ತಾಲ್ಲೂಕು. ನೂರಾರು ವರ್ಷ ತಮ್ಮೊಳಗೇ ಮದುವೆಯಾದ ಗುಂಪುಗಳಲ್ಲಿ ಎಲ್ಲರೂ ದೂರದ ಸಂಬಂಧಿಗಳೇ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳೂ ಸೇರಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳನ್ನು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 81 ಗುಂಪುಗಳಲ್ಲಿ ಹೀಗೆ ಒಂದೇ ಪೂರ್ವಜರಿಂದ ಬಂದ ಜೀನುಗಳ ಹಂಚಿಕೆ ಫಿನ್ಲೆಂಡಿನವರಿಗಿಂತ, ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಿಗಿಂತ ಹೆಚ್ಚಿತ್ತು. ರಿಸೆಸಿವ್ ಕಾಯಿಲೆಗಳ ಪಾಠ ಹೇಳುವಾಗ ಪ್ರಪಂಚವೆಲ್ಲ ಈ ಇಬ್ಬರನ್ನೇ ಉದಾಹರಿಸುತ್ತದೆ. ಆರ್ಯವೈಶ್ಯರಲ್ಲಿ ಕೆಲವರಿಗೆ ಆಪರೇಷನ್ ವೇಳೆ ಕೊಡುವ ಒಂದು ಸ್ನಾಯು ಸಡಿಲಿಸುವ ಔಷಧ ಬೇಗ ಇಳಿಯುವುದಿಲ್ಲ, ಅರಿವಳಿಕೆ ವೈದ್ಯರಿಗೆ ಇದು ಗೊತ್ತಿರುವ ವಿಷಯ. ಅಲ್ಲಿ ಗಂಡ ಹೆಂಡತಿ ಸಂಬಂಧಿಗಳೇ ಆಗಿರಬೇಕೆಂದಿಲ್ಲ.

ಒಂದು ವೇಳೆ ಇಬ್ಬರೂ ಕ್ಯಾರಿಯರ್ ಅಂತಲೇ ಬಂದರೆ ಏನು ಮಾಡಬಹುದು?

ಮದುವೆ ಬೇಡ ಅನ್ನುವುದು ಒಂದು ದಾರಿ, ಅದನ್ನು ಆರಿಸಿದವರನ್ನು ನಾನು ತಪ್ಪು ಅನ್ನುವುದಿಲ್ಲ. ಮದುವೆಯಾಗಿ ಬಸಿರಾದಾಗ 11ರಿಂದ 13ನೇ ವಾರದಲ್ಲಿ ಮಾಸಿನ (ಗರ್ಭವೇಷ್ಟನದ) ಚೂರು ತೆಗೆದು ನೋಡುವ ಕೋರಿಯಾನಿಕ್ ವಿಲಸ್ ಪರೀಕ್ಷೆ, ಅಥವಾ 16ನೇ ವಾರದ ನಂತರ ಗರ್ಭದ ನೀರು ತೆಗೆದು ಪರೀಕ್ಷಿಸುವುದು ಇನ್ನೊಂದು ದಾರಿ. ಪಳಗಿದ ಕೈಯಲ್ಲಿ ಅದರಿಂದ ಗರ್ಭ ಜಾರುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ನಮ್ಮ ಕಾನೂನಿನಲ್ಲಿ ಇದನ್ನು ನೋಂದಾಯಿತ ಕೇಂದ್ರದಲ್ಲೇ ಮಾಡಿಸಬೇಕು, ಹೆಣ್ಣೋ ಗಂಡೋ ಅಂತ ಹೇಳುವ ಹಾಗಿಲ್ಲ. ಆದರೆ ಮಾಡಿಸುವ ಮೊದಲು ಗಂಡ ಹೆಂಡತಿ ಕೂತು ಮಾತಾಡಬೇಕು: ಮಗುವಿಗೆ ಕಿವಿ ಕೇಳುವುದಿಲ್ಲ ಅಂತ ಬಂದರೆ ನಾವೇನು ಮಾಡುತ್ತೇವೆ? ಇದು ಮಗು ಬದುಕುಳಿಯದ ಕಾಯಿಲೆಯಲ್ಲ. ಬರೀ ಕಿವಿಯ ಕಾರಣಕ್ಕೆ ಮಗು ಬೇಡ ಅನ್ನಲು ಎಷ್ಟೋ ಜನಕ್ಕೆ ಮನಸ್ಸು ಬರುವುದಿಲ್ಲ. ಅಂಥವರಿಗೆ ಆ ಪರೀಕ್ಷೆಯೇ ಬೇಕಿಲ್ಲ. ಐವಿಎಫ್ ಮಾಡಿ ಭ್ರೂಣವನ್ನು ಮೊದಲೇ ಪರೀಕ್ಷಿಸಿ ಇಡುವ ದಾರಿಯೂ ಇದೆ. ಖರ್ಚು ಲಕ್ಷಗಳಲ್ಲಿ, ಒಂದೇ ಸಲಕ್ಕೆ ಫಲಿಸುತ್ತದೆ ಅಂತಲೂ ಇಲ್ಲ.

ನಾಲ್ಕನೆಯದನ್ನು ಜನ ದಾರಿ ಅಂತಲೇ ಎಣಿಸುವುದಿಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಏನೂ ಪರೀಕ್ಷೆ ಮಾಡಿಸದೆ ಮಗು ಹೆತ್ತು, ಸಿದ್ಧರಾಗಿ ಇರುವುದು. ಒಂದು ತಿಂಗಳೊಳಗೆ ಕಿವಿಯ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಹಿಯರಿಂಗ್ ಏಡ್ ಮತ್ತು ತರಬೇತಿ ಶುರು. ಜಿಜೆಬಿ2 ಮಕ್ಕಳ ಶ್ರವಣ ನರ ಸಾಮಾನ್ಯವಾಗಿ ಚೆನ್ನಾಗಿರುವುದರಿಂದ ಕಾಕ್ಲಿಯರ್ ಇಂಪ್ಲಾಂಟ್ (ಶ್ರವಣ ನರಕ್ಕೆ ನೇರವಾಗಿ ಸಂಕೇತ ಕೊಡುವ, ಆಪರೇಷನ್ ಮಾಡಿ ಕಿವಿಯೊಳಗೆ ಇಡುವ ಸಾಧನ) ಅವರಿಗೆ ಒಳ್ಳೆಯ ಫಲ ಕೊಡುತ್ತದೆ, ಒಂದು ವರ್ಷದ ಆಸುಪಾಸಿನಲ್ಲಿ ಹಾಕಿದರೆ ಮಾತು ಬರುತ್ತದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಇದಕ್ಕೆ ನೆರವು ಇದೆ. 22 ವರ್ಷದ ಹಿಂದೆ ನಿಮ್ಮ ಅಕ್ಕನಿಗೆ ಇದ್ಯಾವುದೂ ಸುಲಭವಾಗಿ ಸಿಗುವಂತಿರಲಿಲ್ಲ. ಈಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಮೂರು ನಾಲ್ಕು ತಾಸಿನ ದಾರಿ. ಜೀನ್ ಪರೀಕ್ಷೆಗೂ ಸಲಹೆಗೂ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇವೆ.

ಕೊನೆಯ ಪ್ರಶ್ನೆ, ಅಣ್ಣನಿಗೆ ತಿಳಿಸದೆ ಮಾಡಿಸಬಹುದಾ ಅಂತ. ನಿಮ್ಮ ಮಗಳಿಗೆ 24 ವರ್ಷ. ಅವಳ ಒಪ್ಪಿಗೆ ಇದ್ದರೆ ಅವಳ ರಕ್ತ, ಅವಳ ವರದಿ. ಅಣ್ಣನ ಮನೆಯ ಅಪ್ಪಣೆ ಬೇಕಿಲ್ಲ. ಅವಳಲ್ಲಿ ದೋಷ ಇಲ್ಲ ಅಂತ ಬಂದರೆ ಅಲ್ಲಿಗೇ ನಿಲ್ಲಿಸಬಹುದು. ಆದರೆ ಇಲ್ಲಿ ಬಾಗಿಲು ತಟ್ಟಬೇಕಾದ್ದು ಅಣ್ಣನ ಮನೆಯದಲ್ಲ, ಅಕ್ಕನ ಮನೆಯದು. ಅಲ್ಲಿ ಗುಟ್ಟು ಮಾಡಿ ಏನೂ ಆಗುವುದಿಲ್ಲ. 'ನಿನ್ನ ಮಗನ ಥರ ಆಗದಿರಲಿ ಅಂತ ಟೆಸ್ಟ್ ಮಾಡಿಸಬೇಕು' ಅಂತ ಹೋಗಿ ಹೇಳಿದರೆ ಅಕ್ಕನಿಗೆ ಹೇಗನಿಸುತ್ತದೆ ಯೋಚಿಸಿ. ಅದಕ್ಕಿಂತ, ಕೇಳಬೇಕಾದ್ದು ಅಕ್ಕನನ್ನೂ ಅಲ್ಲ, ಆ ಹುಡುಗನನ್ನೇ. ಅವನಿಗೆ 22, ರಕ್ತ ಕೊಡುವುದೋ ಬೇಡವೋ ಅವನ ತೀರ್ಮಾನ. ಸನ್ನೆ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ, ಇಲ್ಲವೇ ಬರೆದು ತೋರಿಸಿ, ಯಾಕೆ ಅಂತ ಪೂರ್ತಿ ಹೇಳಿ. ಮನೆಯವರು ಅವನ ಪರವಾಗಿ ತಲೆಯಾಡಿಸಿದರೆ ನಾವು ರಕ್ತ ತೆಗೆಯುವುದಿಲ್ಲ.

ಈ ವರದಿ ಅವನಿಗೂ ಬೇಕಾಗುತ್ತದೆ. ಅವನೂ ಮದುವೆಯ ವಯಸ್ಸಿಗೆ ಬರುತ್ತಿದ್ದಾನೆ, ಕಿವಿ ಕೇಳದವರು ಎಷ್ಟೋ ಸಲ ತಮ್ಮಂಥವರನ್ನೇ ಮದುವೆಯಾಗುತ್ತಾರೆ. ಇಬ್ಬರಿಗೂ ಜಿಜೆಬಿ2ರ ಎರಡೂ ಪ್ರತಿ ಕೆಟ್ಟಿದ್ದರೆ ಹುಟ್ಟುವ ಮಕ್ಕಳೆಲ್ಲರಿಗೂ ಕಿವಿ ಕೇಳುವುದಿಲ್ಲ. ಅವನದ್ದು ಒಂದು ಜೀನ್, ಹುಡುಗಿಯದ್ದು ಬೇರೆ ರಿಸೆಸಿವ್ ಜೀನ್ ಆಗಿದ್ದರೆ ಸಾಮಾನ್ಯವಾಗಿ ಎಲ್ಲ ಮಕ್ಕಳಿಗೂ ಕೇಳುತ್ತದೆ. ಯಾವುದು ಬೇಕು ಅನ್ನುವುದು ಅವರಿಬ್ಬರ ಇಷ್ಟ. ಇಬ್ಬರೂ ಕಿವಿ ಕೇಳದವರಾದಾಗ ಮಕ್ಕಳೂ ತಮ್ಮಂತೆಯೇ ಇರಲಿ ಅನ್ನುವವರೂ ಇದ್ದಾರೆ. ವರದಿ ಬಂದ ದಿನ ಅವನನ್ನೂ ಕರೆದುಕೊಂಡು ಬನ್ನಿ, ಅವನ ಪಾಲಿನದ್ದನ್ನು ಅವನಿಗೇ ಹೇಳುತ್ತೇನೆ.